ದಡದಲ್ಲಿ ಒಬ್ಬರು

ಕಾರು ನಿಲ್ಲಿಸುವುದಕ್ಕೆ ಜಾಗ ಸಿಕ್ಕಿಬಿಟ್ಟದ್ದೇ ಅವನಿಗೆ ಬೇಸರವಾಯಿತು. ಓಣಿಯ ಕೊನೆಯವರೆಗೂ ಮನೆಗಳ ಮುಂದೆ ವಾಹನಗಳು ಒತ್ತೊತ್ತಾಗಿ ನಿಂತಿದ್ದವು. ಜಾಗವಿಲ್ಲ, ಬಿಸಿಲೂ ಏರುತ್ತಿದೆ, ಇನ್ನೊಂದು ದಿನ ಬಂದರಾಯಿತು ಎಂದು ಹೆಂಡತಿಗೆ ಹೇಳಬೇಕಾದ ಮಾತನ್ನು ಅವನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿರುವಾಗಲೇ ಯಾರೋ ಒಬ್ಬರು ತಮ್ಮ ಕಾರನ್ನು ಹಿಂದಕ್ಕೆ ತೆಗೆದು, ದೊಡ್ಡ ಉಪಕಾರ ಮಾಡಿದವರ ಹಾಗೆ ಕೈಬೀಸಿ ಹೊರಟುಹೋದರು. ನಮ್ಮ ಅದೃಷ್ಟ ಚೆನ್ನಾಗಿದೆ ಎಂದಳು ಹೆಂಡತಿ. ಅವನು ಆ ಸಂದಿಗೆ ಕಾರು ನುಗ್ಗಿಸಿ, ಇಂಜಿನ್ ಆರಿಸಿ, ಕೀಲಿಯನ್ನು ಕೈಯಲ್ಲೇ ಹಿಡಿದು ಕೂತ. ಅವಳು ಆಗಲೇ ಇಳಿದು ಹಿಂದಿನ ಸೀಟಿನಿಂದ ಚೀಲವನ್ನೂ ಚಹಾದ ಫ್ಲಾಸ್ಕನ್ನೂ ಎತ್ತಿಕೊಳ್ಳುತ್ತಿದ್ದಳು. ತಮ್ಮ ಕರೆದನೆಂದರೆ ಅವಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬೆಳಿಗ್ಗೆ ಫೋನು ಬಂದಾಗಿನಿಂದ ಏನನ್ನೋ ಗುನುಗುತ್ತಲೇ ಇದ್ದಳು. ಫೋನು ಬಂದದ್ದು ತನಗಲ್ಲ, ಗಂಡನಿಗೆ ಎಂಬುದನ್ನು ಅವಳು ಗಮನಿಸಿರಲಿಲ್ಲ. 'ಭಾವ, ಇವತ್ತು ನೀವು ಬರ್ಲೇಬೇಕು' ಎಂದಿದ್ದ ಪುಟ್ಟ. ಇಷ್ಟು ವರ್ಷಗಳಲ್ಲಿ ಅವನು ಹಾಗೆ ಕರೆದದ್ದೇ ಇರಲಿಲ್ಲ.

ನಲವತ್ತು ಹತ್ತಿರ ಬಂದು ಕಿವಿಯ ಪಕ್ಕ ನರೆ ಕಾಣಿಸಿಕೊಂಡರೂ ಹೆಂಡತಿಯ ತಮ್ಮ ಮನೆಮಂದಿಗೆಲ್ಲ ಪುಟ್ಟನೇ. ವಾರವಿಡೀ ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ತುಂಬಿಕೊಂಡು ಓಡಾಡುತ್ತಾನೆ. ರಜೆ ಬಂದರೆ ಅಲೆಯ ಮೇಲೆ ನಿಂತು ಜಾರುವ ಸರ್ಫಿಂಗ್ ಹಲಗೆಯನ್ನು ಬಗಲಿಗಿರುಕಿಕೊಂಡು ಸಮುದ್ರಕ್ಕೆ ಹೋಗುತ್ತಾನೆ. ಮದುವೆ ಬೇಡವೆಂದ, ಯಾರೂ ಒತ್ತಾಯಿಸಲಿಲ್ಲ. ಹೇಳಿದ ಹೊತ್ತಿಗೆ ಎಲ್ಲಿಗೂ ಬರಲಿಲ್ಲ, ಯಾರೂ ಸಿಟ್ಟಾಗಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಬಂದನೆಂದರೆ ಮನೆಯ ದೀಪಗಳನ್ನೆಲ್ಲ ಒಟ್ಟಿಗೇ ಹಾಕಿದ ಹಾಗೆ. ಪುಟ್ಟನ ಎದುರಿಗೆ ತಾನು ಮೂಲೆಯಲ್ಲಿಟ್ಟ ಕುರ್ಚಿ ಎಂದು ಭಾವನಿಗೆ ಅನಿಸುತ್ತಿತ್ತು. ಅದು ಯಾರ ತಪ್ಪೂ ಅಲ್ಲವೆಂದೂ ಗೊತ್ತಿತ್ತು. ಗೊತ್ತಿದ್ದು ಪ್ರಯೋಜನವೇನು.

ಎರಡು ಮನೆಗಳ ನಡುವಿನ ಇಕ್ಕಟ್ಟಿನಲ್ಲಿ ಸಿಮೆಂಟಿನ ಮೆಟ್ಟಿಲುಗಳು ಕೆಳಗಿಳಿಯುತ್ತಿದ್ದವು. ಒಂದು ಪಕ್ಕದ ಮನೆಯ ಬಾಲ್ಕನಿಯಲ್ಲಿ ಹಾಸಿಗೆಯ ಹೊದಿಕೆ ಒಣಗುತ್ತಿತ್ತು, ಇನ್ನೊಂದರಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಈ ಬಡಾವಣೆಯವರನ್ನು ಬಿಟ್ಟರೆ ಬೇರೆಯವರು ಹುಡುಕಿಕೊಂಡು ಬರುವ ದಂಡೆಯಲ್ಲ ಇದು. ಹೋಟೆಲಿಲ್ಲ, ಫಲಕವಿಲ್ಲ, ಕಾಲು ತೊಳೆಯಲು ಒಂದು ನಲ್ಲಿ, ಕೂರಲು ಒಂದು ಮೋಟುಗೋಡೆ. ಮೆಟ್ಟಿಲಿಳಿಯುವುದೆಂದರೆ ಅವನಿಗೆ ಕೆಲಸಕ್ಕೆ ಹೋದ ಹಾಗೆಯೇ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದಪ್ಪ ಗಾಜಿನ ಈಚೆ ಕೂತು ಸ್ಕ್ಯಾನ್ ತೆಗೆಯುವುದು ಅವನ ಕೆಲಸ. ಗಾಜಿನ ಆಚೆ ಮನುಷ್ಯರು ಯಂತ್ರದೊಳಕ್ಕೆ ಜಾರುತ್ತಾರೆ, ಈಚೆ ಅವನ ಮುಂದಿನ ಪರದೆಯ ಮೇಲೆ ಬೂದು ಬಣ್ಣದ ಹೋಳುಗಳಾಗಿ ಬರುತ್ತಾರೆ. ನಿನ್ನೆ ಮಧ್ಯಾಹ್ನ ಜಾರಿದವನು ಪುಟ್ಟ. ಕೆಲವು ದಿನಗಳಿಂದ ಬಲಗೈಯಿಂದ ವಸ್ತುಗಳು ಬೀಳುತ್ತಿವೆ ಎಂದು ತಾನೇ ನಗುತ್ತ ಹೇಳಿದ್ದ. ಒಂದು ದಿನ ಊಟದ ನಡುವೆ ತುತ್ತು ಹಿಡಿದ ಕೈ ಹಾಗೇ ನಿಂತು, ಕರೆದರೂ ಓಗೊಡದೆ, ಆಮೇಲೆ ಏನೂ ಆಗದವನಂತೆ ನೀರು ಕೇಳಿದ್ದ. ಅಕ್ಕ ಬೆನ್ನುಹತ್ತಿ ಡಾಕ್ಟರಿಗೆ ತೋರಿಸಿದ್ದಳು. ಒಳಗೆ ಮಲಗುವ ಮುಂಚೆ, ತಲೆ ಖಾಲಿ ಇದೆ ಅಂತ ಬಂದ್ರೆ ಅಕ್ಕನಿಗೆ ಹೇಳ್ಬೇಡಿ ಭಾವ, ಅವಳಿಗೆ ಮೊದಲೇ ಗೊತ್ತು ಎಂದು ತಮಾಷೆ ಮಾಡಿದ್ದ. ಸ್ವಲ್ಪ ಹೊತ್ತಿನ ಮೇಲೆ ಪರದೆಯ ಮೇಲೆ, ಎಡಭಾಗದಲ್ಲಿ, ಇರಬಾರದ ಕಡೆ ಬೆಳ್ಳಗೆ ಒಂದು ಗಂಟು ಬಂತು. ಮುಂದಿನ ಹೋಳಿನಲ್ಲಿ ಇನ್ನೂ ದೊಡ್ಡದಾಗಿ ಬಂತು. ಅದರ ಸುತ್ತ ಮೆದುಳು ಊದಿಕೊಂಡು, ತುಂಬಿದ ಬಸ್ಸಿನಲ್ಲಿ ಜನ ಪಕ್ಕಕ್ಕೆ ಸರಿದಂತೆ ಸರಿದಿತ್ತು. ಎದೆ ಧಸಕ್ಕೆಂದಿತು. ಆದರೆ ಅದಕ್ಕೂ ಮುಂಚೆ, ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು, ಇನ್ನೇನೋ ಒಂದು ಬಂದು ಹೋಗಿತ್ತು. ಹಾಗಾದರೆ ಇವನಿಗೂ, ಎಂಬಂಥ ಒಂದು ಹಗುರ. ಅದನ್ನು ಯಾರೂ ನೋಡಿರಲಿಲ್ಲ. ರಾತ್ರಿಯಿಡೀ ಅವನಿಗೆ ನೆನಪಾದದ್ದು ಆ ಬಿಳಿ ಗಂಟಲ್ಲ, ಅದು.

ಪುಟ್ಟ ಮೆಟ್ಟಿಲ ಬುಡದಲ್ಲೇ ಮರಳಿನ ಮೇಲೆ ಹಲಗೆ ಮಲಗಿಸಿಕೊಂಡು ಕೂತಿದ್ದ. ಕಾಲು ಜಾರದಿರಲೆಂದು ಅದಕ್ಕೆ ಮೇಣ ತಿಕ್ಕುತ್ತಿದ್ದ, ಎಡಗೈಯಲ್ಲಿ ತಿಕ್ಕುತ್ತಿದ್ದ. ಅಕ್ಕನನ್ನು ನೋಡಿ ಎದ್ದು ಬಂದು ಚೀಲ ಕಸಿದುಕೊಂಡು ಒಳಗೆ ಏನಿದೆಯೆಂದು ಇಣುಕಿ, ಕಿತ್ತಳೆ ಹಣ್ಣಷ್ಟೇ ತಂದದ್ದಕ್ಕೆ ಜಗಳ ತೆಗೆದ. ಗೋಡೆಯ ಮೇಲೆ ನಾಯಿಯ ಜೊತೆ ಕೂತಿದ್ದ ಮುದುಕರೊಬ್ಬರಿಗೆ, ಇವರೇ ನಮ್ಮ ಭಾವ, ದೊಡ್ಡಾಸ್ಪತ್ರೆಯಲ್ಲಿ ಇದ್ದಾರೆ, ಮನುಷ್ಯರ ಒಳಗನ್ನೆಲ್ಲ ನೋಡ್ತಾರೆ ಎಂದು ಪರಿಚಯ ಮಾಡಿಸಿದ. ಮುದುಕರು, ಹಾಗಾದ್ರೆ ನಾವೆಲ್ಲ ಹುಷಾರಾಗಿರ್ಬೇಕಪ್ಪ ಎಂದು ಅಂಗಿಯ ಗುಂಡಿ ಹಾಕಿಕೊಂಡರು. ಎಲ್ಲರೂ ನಕ್ಕರು. ಅವನೂ ನಕ್ಕ. ನಗುವಾಗ ತನ್ನ ಮುಖ ಹೇಗೆ ಕಾಣುತ್ತಿದೆಯೋ ಎಂದು ಹೆದರಿದ.

ಮುಖವೇ ಅವನ ಶತ್ರು. ಹಿಂದೊಮ್ಮೆ ಒಬ್ಬಾಕೆ ಸ್ಕ್ಯಾನ್ ಮುಗಿಸಿ ಹೊರಗೆ ಬಂದು ಅವನ ಮುಖ ನೋಡಿದವಳೇ, ಏನಿದೆ ಹೇಳಿ, ಹೇಳಿ ಎಂದು ಅವನ ಕೈ ಹಿಡಿದುಕೊಂಡಿದ್ದಳು. ಅವನು ಕಣ್ಣು ತಪ್ಪಿಸಿದ್ದ. ಅಷ್ಟೇ. ಅವಳು ಮನೆಗೆ ಹೋಗಿ ಮಕ್ಕಳನ್ನೆಲ್ಲ ಕರೆಸಿಕೊಂಡು ಅತ್ತಿದ್ದಳು. ಮಾರನೆಯ ದಿನ ಡಾಕ್ಟರು ನೋಡಿದರೆ ಅದು ಹುಟ್ಟಿನಿಂದಲೂ ಇದ್ದ ನಿರುಪದ್ರವಿ ನೆರಳು. ಅವನನ್ನು ನರ್ಸುಗಳೆಲ್ಲರ ಎದುರಿಗೆ ನಿಲ್ಲಿಸಿಕೊಂಡು, ಚಿತ್ರ ತೆಗೆಯೋದು ನಿಮ್ಮ ಕೆಲಸ, ಓದೋದು ನನ್ನ ಕೆಲಸ ಎಂದಿದ್ದರು. ನಿನ್ನೆಯೂ ಅವರಿಗೆ ಫೋನು ಮಾಡಿದ್ದ. ಹಿಂದಿನಿಂದ ಮದುವೆಮನೆಯಂಥ ಗದ್ದಲ ಕೇಳಿಸುತ್ತಿತ್ತು. ಸೋಮವಾರ ನೋಡ್ತೀನಿ, ಅಲ್ಲಿತನಕ ಮನೆಯವರಾದ್ರೂ ಸರಿ, ಬಾಯಿ ಬಿಡ್ಬೇಡಿ, ಹಿಂದೆ ಏನಾಯ್ತು ಅನ್ನೋದು ನೆನಪಿದೆಯಲ್ಲ ಎಂದು ಅವರು ಫೋನು ಇಟ್ಟಿದ್ದರು. ನೆನಪಿತ್ತು. ನೆನಪಿದ್ದದ್ದರಿಂದಲೇ ಅವನಿಗೆ ತಾನು ಕಂಡದ್ದು ಕಂಡದ್ದೇ ಹೌದೋ ಎಂದು ರಾತ್ರಿ ಕಳೆದಂತೆ ಅನುಮಾನ ಬೆಳೆದಿತ್ತು. ಮಲಗಿದಲ್ಲಿಂದ ಎದ್ದು ಆಸ್ಪತ್ರೆಗೆ ಹೋಗಿ ಮತ್ತೊಮ್ಮೆ ನೋಡಿ ಬರೋಣವೆನಿಸಿತ್ತು. ನೋಡಿದರೂ ಅದು ಅಲ್ಲೇ ಇರುತ್ತದೆಂದು ಗೊತ್ತಿದ್ದದ್ದರಿಂದ ಏಳಲಿಲ್ಲ.

'ಭಾವ, ಇದನ್ನೊಂಚೂರು ಕಟ್ತೀರಾ' ಎಂದ ಪುಟ್ಟ. ಹಲಗೆ ತೇಲಿಹೋಗದಂತೆ ಕಾಲಿಗೆ ಬಿಗಿಯುವ ಹಗ್ಗ ಅದು. ತುದಿಯಲ್ಲಿ ಒಂದು ಪಟ್ಟಿ. ಅಕ್ಕ ಆಚೆ ಬಟ್ಟೆ ಹಾಸುತ್ತಿದ್ದಳು. ಪುಟ್ಟನ ಬಲಗೈ ಬೆರಳುಗಳು ಪಟ್ಟಿಯ ಅಂಚನ್ನು ಹಿಡಿಯಲು ಹೋಗಿ, ಹಿಡಿಯದೆ, ನಿದ್ದೆಯಲ್ಲಿದ್ದವರ ಬೆರಳುಗಳ ಹಾಗೆ ಸಡಿಲವಾಗುತ್ತಿದ್ದವು. ಅವನು ಮರಳಿನಲ್ಲಿ ಮಂಡಿಯೂರಿ ಕೂತ. ಭಾವಮೈದುನನ ಪಾದ ಅವನ ಕಣ್ಣಿಗೆ ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಹಿಮ್ಮಡಿ ಒಡೆದಿತ್ತು, ಹೆಬ್ಬೆರಳ ಉಗುರು ಕಪ್ಪಾಗಿತ್ತು. ಪಟ್ಟಿಯನ್ನು ಕಣಕಾಲಿಗೆ ಸುತ್ತಿ ಒತ್ತುತ್ತಿರುವಾಗ, ಹೇಳಿಬಿಡು, ಈಗ ಹೇಳಿಬಿಡು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ನೀರಿನಲ್ಲಿ ಕೈ ನಿಂತುಹೋದರೆ ಏನಾಗುತ್ತದೆ ಎಂದು ಸಣ್ಣ ಮಗುವಿಗೂ ಗೊತ್ತು. ತಲೆಯೆತ್ತಿ ಅವನು ಆಡಿದ ಮಾತೆಂದರೆ, ಇವತ್ತು ಅಲೆ ಜೋರಾಗಿರೋ ಹಾಗಿದೆ, ಬೇಡವೇನೋ, ಎಂಬುದಷ್ಟೆ. ಪುಟ್ಟ ಸಮುದ್ರದ ಕಡೆ ನೋಡಿ, ಇದು ಜೋರಾ ಭಾವ, ಇದು ಬಕೆಟ್ಟಿನಲ್ಲಿರೋ ನೀರು ಎಂದ. ಹಾಗೆನ್ನುತ್ತ ಭಾವನ ಭುಜದ ಮೇಲೆ ಕೈಯಿಟ್ಟ. ಆ ಕೈಗೆ ಭಾರವಿತ್ತು. ಒಂದು ಗಳಿಗೆ ಹೆಚ್ಚೇ ಅಲ್ಲಿತ್ತು. ಆಮೇಲೆ ಹಲಗೆ ಎತ್ತಿಕೊಂಡು ನೊರೆ ತುಳಿಯುತ್ತ ನಡೆದ. ಅವನು ಮಂಡಿಯೂರಿದಲ್ಲೇ ಇದ್ದ, ಯಾರಿಗೋ ಕ್ಷಮೆ ಕೇಳುವವನ ಹಾಗೆ.

ಅಲೆಗಳು ದೂರದಲ್ಲಿ, ನೀರಿನಡಿಯ ಮರಳುದಿಬ್ಬದ ಮೇಲೆ ಎದ್ದು, ಒಂದು ಕಡೆಯಿಂದ ಒಡೆಯುತ್ತ ಬರುತ್ತಿದ್ದವು. ಅಲ್ಲಿ ನಾಲ್ಕೈದು ತಲೆಗಳು ತೇಲುತ್ತಿದ್ದವು, ಯಾರಿಗೂ ಅವಸರವಿರಲಿಲ್ಲ. ಒಬ್ಬರು ಒಂದು ಅಲೆ ಹಿಡಿದು ಹೋದರೆ ಉಳಿದವರು ಹಲಗೆಗಳ ಮೇಲೆ ಕಾಲು ಇಳಿಬಿಟ್ಟು ಕೂತು ಕಾಯುತ್ತಿದ್ದರು, ಕ್ಷೌರದಂಗಡಿಯಲ್ಲಿ ಸರದಿ ಕಾಯುವವರ ಹಾಗೆ. ಅವನು ಬಟ್ಟೆಯ ಮೇಲೆ ಕೂತು, ಬೂಟನ್ನೂ ಬಿಚ್ಚದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ತಲೆಗಳಲ್ಲಿ ಪುಟ್ಟನದು ಯಾವುದೆಂದು ಹಿಡಿದಿಟ್ಟುಕೊಂಡ. ಹೆಂಡತಿ ಕಿತ್ತಳೆ ಸುಲಿಯುತ್ತ ಮಾತಾಡುತ್ತಿದ್ದಳು. ಅಮ್ಮ ತೀರಿಕೊಂಡ ವರ್ಷ ಪುಟ್ಟ ಇನ್ನೂ ಬೆರಳು ಚೀಪುತ್ತಿದ್ದದ್ದು, ಆ ಬೆರಳಿಗೆ ತಾನು ಬೇವಿನೆಣ್ಣೆ ಸವರಿದ್ದು, ಅವನು ಎಣ್ಣೆಯ ಸಮೇತ ಚೀಪಿದ್ದು. ಅವನಿಗೆ ಕೇಳಿದ ಕತೆಯೇ. ತಲೆ ಅಲ್ಲೇ ಇದೆ. ಅಲೆ ಬಂತು, ತಲೆ ಮೇಲೆದ್ದಿತು, ಇಳಿಯಿತು, ಇದೆ. ಸ್ವಲ್ಪ ಹೊತ್ತಿಗೆ ಪುಟ್ಟ ಒಂದು ಅಲೆಯ ಮುಂದೆ ಕೈಬೀಸಿ ನೀರು ಹಿಂದೆ ತಳ್ಳಿ, ಒಂದೇ ನೆಗೆತಕ್ಕೆ ಎದ್ದು ನಿಂತ. ಅಷ್ಟು ಸಲೀಸಾಗಿ ಯಾವ ಮನುಷ್ಯನೂ ಯಾವುದರ ಮೇಲೂ ನಿಲ್ಲಬಾರದು ಎನ್ನಿಸುವ ಹಾಗೆ ನಿಂತ. ಬಲಗೈ ಮಾತ್ರ ಪಕ್ಕಕ್ಕೆ ಚಾಚಿಕೊಳ್ಳದೆ ಜೋತುಬಿದ್ದಿತ್ತು. ಗೋಡೆಯ ಮೇಲಿನ ಮುದುಕರು ಭೇಷ್ ಎಂದರು. ಅವನು ಆ ಕೈಯನ್ನೇ ನೋಡಿದ.

'ರೀ,' ಎಂದಳು ಹೆಂಡತಿ. ಕಿತ್ತಳೆಯ ತೊಳೆಯೊಂದನ್ನು ಅವನ ಕಡೆ ಚಾಚಿದ್ದಳು. 'ನೀವೇ ತಾನೆ ತೆಗೆದದ್ದು. ನೋಡಿರ್ತೀರಲ್ಲ. ಏನಿತ್ತು?'

ಸೋಮವಾರ ಡಾಕ್ಟರು ನೋಡಿ ಹೇಳುತ್ತಾರೆ ಎಂದ. ಅದು ಅವನಿಗೆ ಬಾಯಿಪಾಠ. ದಿನಕ್ಕೆ ಎಷ್ಟೋ ಸಲ ಹೇಳುವ ಮಾತು. ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಾನು ರೋಗಿಯಲ್ಲ, ರೋಗಿಯ ಕಡೆಯವಳೂ ಅಲ್ಲ, ಹೆಂಡತಿ ಎಂಬುದು ಆ ಚಾಚಿದ ಕೈಯಲ್ಲಿತ್ತು. ನರಕ್ಕೆ ಸುಸ್ತಾಗಿರಬೇಕು, ವ್ಯಾನು ಓಡಿಸಿ ಓಡಿಸಿ ಹೀಗಾಗಿದೆ ಎಂದು ಅವಳೇ ಒಂದು ಕಾರಣ ಕೊಟ್ಟುಕೊಂಡು, ಅಂಥದ್ದೇನೂ ಇಲ್ಲ ತಾನೆ ಎಂದು ಮತ್ತೆ ಕೇಳಿದಳು. ಅವನು ತೊಳೆಯನ್ನು ತೆಗೆದುಕೊಂಡ. 'ಅಂಥದ್ದೇನೂ ಕಾಣ್ಲಿಲ್ಲ' ಎಂದ. ಅವಳು ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಇಷ್ಟು ದಿನ ಇವಳು ಉಸಿರು ಹಿಡಿದುಕೊಂಡೇ ಓಡಾಡುತ್ತಿದ್ದಳೇ ಎಂದು ಅವನಿಗೆ ಗೊತ್ತಾದದ್ದು ಆಗ. ಅವಳು ಕಣ್ಣೊರೆಸಿಕೊಂಡು, ಈ ಹಾಳು ಮರಳು ಎಂದಳು. ತೊಳೆ ಅವನ ಬಾಯಲ್ಲಿ ಹುಳಿಯೋ ಸಿಹಿಯೋ ಏನೂ ಆಗಲಿಲ್ಲ. ನುಂಗಲಾಗದೆ ಕೆನ್ನೆಯಲ್ಲಿ ಇಟ್ಟುಕೊಂಡು ಮತ್ತೆ ಸಮುದ್ರ ನೋಡಿದ. ಹಿಡಿದಿಟ್ಟುಕೊಂಡಿದ್ದ ತಲೆ ಇರಲಿಲ್ಲ.

ಬೇರೆ ತಲೆಗಳಿದ್ದವು. ಒಂದೊಂದನ್ನೇ ನೋಡಿದ, ಯಾವುದೂ ಅದಲ್ಲ. ಒಡೆದ ಅಲೆಯ ಹಿಂದೆ ಬಿಳಿಯ ನೊರೆಯಲ್ಲಿ ಒಂದು ಹಲಗೆ ಅಡ್ಡಡ್ಡ ಉರುಳುತ್ತಿತ್ತು, ಅದರ ಮೇಲೆ ಯಾರೂ ಇರಲಿಲ್ಲ. ಈಗ ಏಳುತ್ತಾನೆ ಎಂದುಕೊಂಡ. ಇನ್ನೊಂದು ಅಲೆ ಬಂದು ಹಲಗೆಯನ್ನು ಮಗುಚಿಹಾಕಿತು. ಇವನಿಗೂ ಎಂಬ ಆ ಹಗುರ ನೆನಪಾಯಿತು, ಅಂಥದ್ದೇನೂ ಕಾಣಲಿಲ್ಲ ಎಂಬ ತನ್ನ ದನಿ ನೆನಪಾಯಿತು, ಎರಡೂ ಸೇರಿ ಪುಟ್ಟನನ್ನು ಕಾಲು ಹಿಡಿದು ಕೆಳಗೆಳೆಯುತ್ತಿವೆ ಎನಿಸಿತು. ತಾನು ಎದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಓಡುತ್ತಿದ್ದ. ಹಿಂದಿನಿಂದ ಹೆಂಡತಿ ಏನೋ ಕೂಗಿದಳು. ಬೂಟು ಮೊದಲ ನೀರಿಗೇ ಕಲ್ಲಾಯಿತು, ಪ್ಯಾಂಟು ಮೊಣಕಾಲಿಗೆ ಅಂಟಿಕೊಂಡಿತು. ಅವನಿಗೆ ಈಜು ಬರುತ್ತಿರಲಿಲ್ಲ. ಸೊಂಟದವರೆಗೆ ಹೋದವನ ಕಾಲಡಿಯ ಮರಳನ್ನು ನೀರು ಹಿಂದಕ್ಕೆ ಎಳೆದುಕೊಂಡಿತು. ಏನಾಗುತ್ತಿದೆ ಎನ್ನುವಷ್ಟರಲ್ಲಿ ಒಂದು ಅಲೆ, ಪುಟ್ಟ ಬಕೆಟ್ಟಿನ ನೀರೆಂದದ್ದು, ಎದೆಗೆ ಗುದ್ದಿ ಮಲಗಿಸಿತು. ಒಳಗೆಲ್ಲ ಹಸಿರು, ಕಿವಿಯಲ್ಲಿ ಗಿರಣಿ. ಮೂಗಿನೊಳಕ್ಕೆ ಉಪ್ಪು ಸೀಳಿಕೊಂಡು ಹೋಯಿತು. ಕನ್ನಡಕ ಮುಖದಿಂದ ಕಳಚಿಕೊಳ್ಳುವುದು ಸ್ಪಷ್ಟವಾಗಿ ತಿಳಿಯಿತು, ಯಾರೋ ಮಲಗಿದವರ ಕನ್ನಡಕವನ್ನು ಎಚ್ಚರಿಕೆಯಿಂದ ತೆಗೆದಿಟ್ಟ ಹಾಗೆ. ಯಾವುದೋ ಕೈ ಅವನ ಅಂಗಿಯ ಕೊರಳಪಟ್ಟಿ ಹಿಡಿದು, ನೆನೆದ ಗೋಣಿಚೀಲವನ್ನು ಎತ್ತುವಂತೆ ಎತ್ತಿ ನಿಲ್ಲಿಸಿತು. ಎಡಗೈ.

ಅಲೆ ಅವನನ್ನು ದಡದ ಕಡೆಗೇ ತಳ್ಳಿತ್ತು, ನೀರು ಮೊಣಕಾಲಿನ ಮೇಲಷ್ಟೇ ಇತ್ತು. ಅವನು ಕೆಮ್ಮಿ, ಕಿತ್ತಳೆಯ ತೊಳೆಯನ್ನೂ ಸಮುದ್ರವನ್ನೂ ಒಟ್ಟಿಗೇ ಉಗುಳಿ, ಇಂಗು ತಿಂದ ಮಂಗನ ಹಾಗೆ ನಿಂತ. ದಡದಲ್ಲಿ ನಾಯಿ ಬೊಗಳುತ್ತಿತ್ತು. ಹೆಂಡತಿ ಮೊದಲು ಚೀರಿದವಳು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆಂದು ದನಿಯಿಂದ ಗೊತ್ತಾಯಿತು. ಕಣ್ಣಿಗೆ ಅವಳು ಬರೀ ಒಂದು ಬಣ್ಣ. ಎದುರಿಗಿದ್ದ ಪುಟ್ಟನೂ ಅಷ್ಟೇ, ಒದ್ದೆಯಾದ ಒಂದು ಆಕಾರ.

'ಬಿದ್ದವನು ನೀರೊಳಗೇ ಒಂಚೂರು ಹೊತ್ತು ಇದ್ದೆ. ಅಲ್ಲಿ ಸದ್ದಿರಲ್ಲ ಭಾವ, ಹಾಯಾಗಿರುತ್ತೆ' ಎಂದ ಪುಟ್ಟ. ಆಮೇಲೆ ಕೇಳಿದ: 'ನಿಮಗೆ ಈಜು ಬರಲ್ಲ ಅಲ್ವಾ?'

'ಬರಲ್ಲ.'

'ಮತ್ಯಾಕೆ ಬಂದ್ರಿ?'

ಇಬ್ಬರ ನಡುವೆ ನೊರೆ ಬಂದು ಹೋಯಿತು.

'ನಿನ್ನೆಯೇ ಗೊತ್ತಾಯ್ತು ಭಾವ' ಎಂದ ಪುಟ್ಟ. ದನಿಯಲ್ಲಿ ತಮಾಷೆ ಇರಲಿಲ್ಲ. ತಮಾಷೆಯಿಲ್ಲದ ಆ ದನಿ ಯಾರೋ ಬೇರೆಯವರದೆಂಬಂತೆ ಕೇಳಿಸಿತು. 'ಒಳಗೆ ಮಲಗಿಸುವಾಗ, ಮಲ್ಕೋ, ಅಲ್ಲಾಡಬೇಡ ಅಂದ್ರಿ. ಮುಗಿದ ಮೇಲೆ ಬಂದು, ನಿಧಾನ, ಎದ್ದೇಳಿ ಅಂದ್ರಿ. ಅಕ್ಕನ್ನ ಮದುವೆಯಾದಾಗಿಂದ ನೀವು ನನಗೆ ಒಂದಿನಾನೂ ಬಹುವಚನ ಹಾಕಿಲ್ಲ.'

ಹಾಗೆ ಅಂದದ್ದು ಅವನಿಗೆ ನೆನಪೇ ಇರಲಿಲ್ಲ. ಮುಖವನ್ನು ಅಷ್ಟು ಕಾದುಕೊಂಡಿದ್ದ, ನಾಲಿಗೆಯನ್ನು ಕಾಯಬೇಕೆಂದು ಹೊಳೆದಿರಲಿಲ್ಲ. ಅಪರಿಚಿತರಿಗೆ, ಕೆಟ್ಟದ್ದೊಂದು ಕಾದಿರುವವರಿಗೆ ಕೊಡುವ ಗೌರವ ಅದು. ತಾನಾಗಿಯೇ ಬಾಯಿಂದ ಹೊರಬಿದ್ದಿತ್ತು. ಇವತ್ತು ಕರೆದದ್ದು ಅದಕ್ಕೇ ಎಂದ ಪುಟ್ಟ. ನಾಳೆಯಿಂದ ಯಾರೂ ನೀರಿಗಿಳಿಯಲು ಬಿಡುವುದಿಲ್ಲ, ಒಂದು ಸಲ ಇಳಿಯಬೇಕಿತ್ತು. ಒಬ್ಬನೇ ಬರಲು ಧೈರ್ಯ ಸಾಲಲಿಲ್ಲ. 'ಗೊತ್ತಿರೋರು ಒಬ್ರು ದಡದಲ್ಲಿ ಇರ್ಲಿ ಅಂತ.'

ಅವನಿಗೆ ಸಿಟ್ಟು ಬಂತು. ಇಷ್ಟು ವರ್ಷ ಬಾರದಿದ್ದ ಸಿಟ್ಟೆಲ್ಲ ಒಮ್ಮೆಗೇ ಬಂತು. ಏನಾದರೂ ಆಗಿದ್ದರೆ ತಾನು ಅಲ್ಲಿ ನಿಂತು ನೋಡಬೇಕಿತ್ತೇ, ಅಕ್ಕನ ಪಕ್ಕ ಕೂತು ನೋಡಬೇಕಿತ್ತೇ ಎಂದು ಕೇಳಿದ. ನಾಳೆ ಬೆಳಿಗ್ಗೆ ಆ ವ್ಯಾನಿನ ತುಂಬ ಮಕ್ಕಳು, ಅದರ ಯೋಚನೆಯಾದರೂ ಇದೆಯೇ ಎಂದು ಕೇಳಿದ. ಕೇಳುವಾಗಲೇ, ಆ ಮಕ್ಕಳ ನೆನಪು ತನಗೂ ಬಂದದ್ದು ಈಗಲೇ ಎಂದು ತಿಳಿದು ದನಿ ಬಿದ್ದುಹೋಯಿತು. ಬೇರೆ ಡ್ರೈವರನ್ನು ಬೆಳಿಗ್ಗೆಯೇ ಒಪ್ಪಿಸಿದ್ದೇನೆ, ಇಲ್ಲಿಗೆ ಬಸ್ಸಿನಲ್ಲಿ ಬಂದೆ ಎಂದ ಪುಟ್ಟ. ಹೇಳಿದ ರೀತಿಯಲ್ಲಿ ಗೆದ್ದ ಭಾವವಿರಲಿಲ್ಲ. ನೀರು ಅವರಿಬ್ಬರನ್ನೂ ಒಂದೇ ಕಡೆಗೆ ಮೆಲ್ಲಗೆ ತಳ್ಳುತ್ತಿತ್ತು.

'ಎಷ್ಟು ದೊಡ್ಡದಿದೆ?'

'ಡಾಕ್ಟರು ನಾಳೆ...'

'ನಾನು ಡಾಕ್ಟರನ್ನ ಕೇಳ್ತಿಲ್ಲ ಭಾವ.'

ಅವನು ಕೈಯೆತ್ತಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಅಂತರ ತೋರಿಸಿದ. ಅದನ್ನು ಒಮ್ಮೆ ಹಿರಿದು ಮಾಡಿದ, ಮತ್ತೆ ಕಿರಿದು ಮಾಡಿದ. ನನಗೆ ತಪ್ಪಾಗಿರಬಹುದು, ಹಿಂದೆ ಒಂದು ಸಲ ಆಗಿದೆ, ತೆಗೆದುಹಾಕಬಹುದಾದದ್ದೂ ಇರಬಹುದು ಎಂದ. ಪುಟ್ಟ ಆ ಎರಡು ಬೆರಳುಗಳನ್ನೇ ನೋಡುತ್ತಿದ್ದನೋ, ಬೇರೆ ಎಲ್ಲಾದರೂ ನೋಡುತ್ತಿದ್ದನೋ, ಕನ್ನಡಕವಿಲ್ಲದ ಕಣ್ಣಿಗೆ ತಿಳಿಯಲಿಲ್ಲ. ಆಮೇಲೆ ಅವನು ಬಾಗಿ, ತೇಲುತ್ತಿದ್ದ ಹಲಗೆಯನ್ನು ಹತ್ತಿರಕ್ಕೆಳೆದುಕೊಂಡ. ಅಕ್ಕನಿಗೆ ನಾಳೆ ಹೇಳಿದರಾಯಿತು, ಇವತ್ತೊಂದು ದಿನ ಅವಳು ನಗಲಿ. ತಾನು ಇನ್ನೊಂದೇ ಒಂದು ಅಲೆ ಹಿಡಿದು ಬರುತ್ತೇನೆ ಎಂದು ತಿರುಗಿದ.

'ಬೇಡ' ಎಂದ ಅವನು.

ಅವನ ಕೈ ಹಲಗೆಯ ಮೂತಿಯನ್ನು ಹಿಡಿದಿತ್ತು. ಪುಟ್ಟ ಎಳೆದ, ಅವನು ಬಿಡಲಿಲ್ಲ. ಮತ್ತೊಮ್ಮೆ, ಈ ಸಲ ನಿಜವಾಗಿ ಎಳೆದ. ಹಲಗೆಯ ಎರಡು ತುದಿಗೆ ಇಬ್ಬರು ದೊಡ್ಡವರು, ಆಟಿಕೆಗೆ ಕಿತ್ತಾಡುವ ಮಕ್ಕಳ ಹಾಗೆ. ಬಲಗೈಯ ಹಿಡಿತ ಮೊದಲು ಜಾರಿತು. ಪುಟ್ಟ ತನ್ನ ಬರಿದಾದ ಕೈಯನ್ನು ನೋಡಿಕೊಂಡು ಹಾಗೇ ನಿಂತ. ಅದೇ ಹೊತ್ತಿಗೆ ಹೆಂಡತಿ ಸೀರೆಯ ನೆರಿಗೆ ಎತ್ತಿಕೊಂಡು, ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ನೊರೆಯಲ್ಲಿ ನಡೆದು ಬಂದಳು. ಇನ್ನೂ ನಗುತ್ತಿದ್ದಳು. ಈ ವಯಸ್ಸಿನಲ್ಲಿ ಇವರಿಗೆ ಈಜು ಕಲಿಸೋದಕ್ಕೆ ಹೊರಟೆಯೇನೋ ಎಂದು ತಮ್ಮನನ್ನು ಬೈದು, ಬಗ್ಗು ಎಂದು ಅವನ ತಲೆಗೆ ಟವೆಲ್ಲು ಹಾಕಿ ಗಸಗಸ ಒರೆಸತೊಡಗಿದಳು. ಅಕ್ಕನಿಗೆ ಹೇಳಬಾರದೆಂದು ಪುಟ್ಟ ಬೇಡುತ್ತಿರುವುದು ಅವನ ಬಾಗಿದ ಬೆನ್ನಿನಲ್ಲೇ ತಿಳಿಯುತ್ತಿತ್ತು.

'ಆಗ ನಾನು ಹೇಳಿದ್ದು ಸುಳ್ಳು' ಎಂದ ಅವನು ಹೆಂಡತಿಗೆ.

ಅವಳು ಒರೆಸುತ್ತಲೇ ಇದ್ದಳು. ಕೈ ಸ್ವಲ್ಪ ನಿಧಾನವಾಯಿತು, ಮತ್ತೆ ಬೇಗ ಬೇಗ ಒರೆಸಿತು, ನಿಂತಿತು. ಟವೆಲ್ಲನ್ನು ತಮ್ಮನ ತಲೆಯಿಂದ ತೆಗೆದು ಮಡಿಸಿ ಹೆಗಲಿಗೆ ಹಾಕಿಕೊಂಡಳು.

'ಎಲ್ಲಿ?' ಎಂದಳು.

ಅವನು ಒಂದು ಹೆಜ್ಜೆ ಮುಂದೆ ಬಂದ. ಗಾಜಿನ ಈಚೆಯಿಂದ ಎಷ್ಟೋ ತಲೆಗಳನ್ನು ನೋಡಿದ್ದ. ಒಂದನ್ನೂ ಹೀಗೆ ಮುಟ್ಟಿರಲಿಲ್ಲ. ಪುಟ್ಟನ ಎಡಗಿವಿಯ ಮೇಲೆ, ಕೂದಲು ಒದ್ದೆಯಾಗಿ ಬೈತಲೆ ಬಿಟ್ಟುಕೊಂಡಿದ್ದ ಕಡೆ, ತೋರುಬೆರಳನ್ನು ಮೆಲ್ಲಗೆ ಇಟ್ಟ. ಅಡಿಯಲ್ಲಿ ಬೆಚ್ಚಗಿತ್ತು. ಎಲ್ಲರ ತಲೆಯ ಹಾಗೆಯೇ ಗಟ್ಟಿಯಾಗಿತ್ತು. ಹೆಂಡತಿ ಅವನ ಮಣಿಕಟ್ಟು ಹಿಡಿದು ಬೆರಳನ್ನು ಅಲ್ಲಿಂದ ತೆಗೆದುಹಾಕಿ, ಆ ಜಾಗಕ್ಕೆ ತನ್ನ ಅಂಗೈ ಇಟ್ಟಳು. ಗಂಡನ ಮುಖವನ್ನು ನೋಡಲಿಲ್ಲ. ಆ ದಿನವೆಲ್ಲ ನೋಡುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಪುಟ್ಟ, ನಿನ್ನ ಕೈ ಎಷ್ಟು ತಣ್ಣಗಿದೆ ಅಕ್ಕ ಎಂದ. ಸುಮ್ನಿರು ಎಂದು ಅವಳು ಇನ್ನೂ ಬಲವಾಗಿ ಒತ್ತಿ ಹಿಡಿದಳು.